ಅಜ್ಜಿಯ ಹಿಡಿಗೆ ಎಷ್ಟು ಗ್ರಾಂ?

ಅಡುಗೆಮನೆಯ ಅಳತೆ ಕೇಳಲು ಹೋದವರ ಪಾಡು ಯಾವ ಕಾಲಕ್ಕೂ ಒಂದೇ. ಕೇಳಿದ್ದೊಂದು, ಸಿಗುವುದೊಂದು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಾಯಲೂರು ಕಡೆ ಗ್ರಾಮಸೇವಕಿಯಾಗಿ ಸೇರಿದೆ. ಹೆಂಗಸರಿಗೆ ಪೌಷ್ಟಿಕ ಅಡುಗೆ ಹೇಳಿಕೊಡುವುದು ನನ್ನ ಕೆಲಸ. ಅವರಿಗೆ ನನಗಿಂತ ಚೆನ್ನಾಗಿ ಅಡುಗೆ ಬರುತ್ತಿತ್ತು, ಅದು ಬೇರೆ ಮಾತು. ಊರಿನ ಅಡುಗೆಗಳಿಗೆಲ್ಲ ಗ್ರಾಂ ಲೆಕ್ಕದ ಚಾರ್ಟು ಮಾಡಬೇಕು, ಕೋಲಾರದಿಂದ ಸಾಹೇಬರು ಬಂದು ನೋಡಿ ಒಪ್ಪಿದರೆ ಮಾತ್ರ ಕೆಲಸ ಖಾಯಂ ಎಂದು ಆಫೀಸಿನವರು ಹೇಳಿದ್ದರು. ಹೊಟ್ಟೆಪಾಡಿನ ಪ್ರಶ್ನೆ. ತಕ್ಕಡಿ ಹಿಡಿದು ಮನೆಮನೆ ಹತ್ತಿ ಇಳಿದೆ.

ನಿಂಬೆಹಣ್ಣಿನ ಗಾತ್ರ

ಸಾರಿಗೆ ಹುಣಸೆಹಣ್ಣು ಎಷ್ಟು ಎಂದರೆ ಎಲ್ಲರದೂ ಒಂದೇ ಉತ್ತರ: "ನಿಂಬೆಹಣ್ಣಿನ ಗಾತ್ರ." ನಾನು ಜಾಣತನ ಮಾಡಿ ಚಿಕ್ಕದು, ದೊಡ್ಡದು, ಮಧ್ಯಮದ್ದು ಮೂರು ನಿಂಬೆಹಣ್ಣು ತಂದು ಒಬ್ಬಾಕೆಯ ಮುಂದಿಟ್ಟೆ. ಆಕೆ ಮೂರನ್ನೂ ಅಂಗೈಯಲ್ಲಿ ಉರುಳಿಸಿ ನೋಡಿ, "ಹುಣ್ಸೆಹಣ್ಣು ಎಷ್ಟು ಬೇಕೋ ಅಷ್ಟು ದಪ್ಪದ್ದು ಇದ್ರಲ್ಲಿ ಇಲ್ವಲ್ಲ ಮೇಡಮ್ಮೋರೆ" ಎಂದಳು. ಆಮೇಲೆ ಮೂರನ್ನೂ ಹಿಂಡಿ ನನಗೇ ಪಾನಕ ಮಾಡಿಕೊಟ್ಟಳು.

ಚಾಲು

ಮುಳಬಾಗಿಲಿನ ಹತ್ತಿರ ಒಂದು ಮನೆ. ಅವರ ಮನೆಮಾತು ತೆಲುಗು.

"ಒಗ್ಗರಣೆಗೆ ಎಣ್ಣೆ ಎಷ್ಟಮ್ಮಾ?" ಎಂದು ಸೊಸೆಯನ್ನು ಕೇಳಿದೆ.

"ನಾನು ಹುಯ್ತಾ ಇರ್ತೀನಿ. ನಮ್ಮತ್ತೆ ಬಾಗ್ಲಲ್ಲಿ ನಿಂತು 'ಚಾಲು' ಅಂತಾರೆ, ಸಾಕು ಅಂತ. ನಿಲ್ಲಿಸ್ತೀನಿ."

ನನ್ನ ಚಾರ್ಟಿನಲ್ಲಿ ಅತ್ತೆಗೆ ಜಾಗವಿರಲಿಲ್ಲ. "ಅತ್ತೆ ಮಾಲೂರಿಗೆ ಮಗಳ ಮನೆಗೆ ಹೋದಾಗ?"

ಸೊಸೆ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದಳು. "ಆವಾಗ ನಮ್ಮನೆ ಸಾರು ಭಾಳ ಚೆನ್ನಾಗಿರುತ್ತೆ ಮೇಡಂ."

ಸಮುದ್ರದ ರುಚಿ

ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರ ಮನೆ ಮದುವೆಗೆ ಹೋಗಿದ್ದೆ. ಅಲ್ಲೂ ಚಟ ಬಿಡಲಿಲ್ಲ. ಬಿರಿಯಾನಿ ಮಾಡುತ್ತಿದ್ದ ವಯಸ್ಸಾದ ಚಾಚಾನನ್ನು, ಅಕ್ಕಿ ಬೇಯಿಸುವ ನೀರಿಗೆ ಉಪ್ಪು ಎಷ್ಟು ಎಂದು ಕೇಳಿದೆ.

"ಸಮುದ್ರದ ನೀರಿನ ರುಚಿ ಬರ್ಬೇಕು ಮೇಡಂ."

"ನೀವು ಸಮುದ್ರ ನೋಡಿದ್ದೀರಾ?"

"ನಾನೂ ನೋಡಿಲ್ಲ, ನಮ್ಮ ಅಬ್ಬಾನೂ ನೋಡಿಲ್ಲ. ನೋಡ್ಕೊಂಡು ಬಂದೋನೊಬ್ಬ ಮಾಡಿದ ಬಿರಿಯಾನಿ ತಿಂದಿದ್ದೀನಿ. ಬರೀ ಉಪ್ಪು!"

ಹಿಡಿ

ಅಂತೂ ಚಾರ್ಟು ಮುಗಿಯಿತು. ಸಾಹೇಬರ ಮುಂದೆ ಮುದ್ದೆ ಮಾಡಿ ತೋರಿಸಲು ಊರಲ್ಲೇ ಹೆಸರಾದ ಅಜ್ಜಿಯೊಬ್ಬರನ್ನು ಒಪ್ಪಿಸಿದೆ. ಒಂದು ವಾರ ದಿನವೂ ಅವರ ಹಿಡಿ ರಾಗಿಹಿಟ್ಟು ತೂಗಿದ್ದೆ. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲ. 'ಒಂದು ಹಿಡಿ, ಅರವತ್ತು ಗ್ರಾಂ' ಎಂದು ಧೈರ್ಯವಾಗಿ ಬರೆದೆ.

ಸಾಹೇಬರು ಬಂದು ತಕ್ಕಡಿಯ ಮುಂದೆಯೇ ಕುಳಿತರು. ಅಜ್ಜಿ ಒಂದು ಹಿಡಿ ಹಾಕಿದರು. ತೊಂಬತ್ತು! ಇನ್ನೊಂದು ಸಲ ಹಾಕಿಸಿದೆ. ನೂರು! ಕೆಲಸ ಹೋಯಿತೆಂದೇ ತಿಳಿದೆ.

"ಯಾಕಜ್ಜೀ ಹಿಂಗ್ ಮಾಡ್ತೀರಾ?" ಎಂದೆ, ಅಳು ಬಂದಂತಾಗಿ.

"ದಿನಾ ಹಾಕ್ತಿದ್ದಿದ್ದು ಮನೆಯೋರ ಹಿಡಿ ಕಣಮ್ಮಾ. ಸಾಹೇಬ್ರು ನೆಂಟ್ರು. ನೆಂಟ್ರಿಗೆ ಕೈ ಬಿಗಿ ಹಿಡಿಯಕ್ಕಾಗ್ತದಾ?"

ಹಿಟ್ಟು ನೆಂಟರ ಲೆಕ್ಕದ್ದು, ನೀರು ಮಾತ್ರ ಮನೆಯವರ ಲೆಕ್ಕದ್ದೇ. ಮುದ್ದೆ ಗುಂಡುಕಲ್ಲಾಯಿತು. ಅಜ್ಜಿ ಎದುರಿಗೇ ಕುಳಿತು ಬಡಿಸಿದ್ದರಿಂದ ಸಾಹೇಬರು ಬಿಡುವಂತೆಯೂ ಇಲ್ಲ, ನುಂಗುವಂತೆಯೂ ಇಲ್ಲ. ಹೇಗೋ ಒಂದನ್ನು ಇಳಿಸಿದರು. ಅಜ್ಜಿ ಎರಡನೆಯದನ್ನೂ ತಟ್ಟೆಗೆ ಹಾಕಿದರು.

ಅದೂ ಮುಗಿದ ಮೇಲೆ ಸಾಹೇಬರು ಎದೆ ನೀವಿಕೊಳ್ಳುತ್ತಾ ಎದ್ದು, 'ಮನೆಯೋರ ಹಿಡಿ ಅರವತ್ತೇ ಇರಲಿ' ಎಂದು ಚಾರ್ಟಿಗೆ ಸಹಿ ಹಾಕಿದರು.

"ನಿಮ್ಮ ಕೆಲಸ ಖಾಯಂ ಮಾಡೋಕೆ ಬರೀತೀನಮ್ಮ" ಎಂದವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಆದ್ರೆ ಮುಂದಿನ ಸಲ ಬರೋ ಹೊತ್ತಿಗೆ, ನಾನೂ ಮನೆಯೋನೇ ಅಂತ ಅಜ್ಜಿಗೆ ಒಂದು ಮಾತು ಹೇಳಿರಿ."