ಒಂಬತ್ತು ಚುಕ್ಕಿ, ಒಂದು ಮೆಣಸಿನಕಾಯಿ ಬಜ್ಜಿ

ಬೀಗ ಹಾಕುವುದು ಕೆಲವರಿಗೆ ಅಭ್ಯಾಸ, ಕೆಲವರಿಗೆ ಚಟ. ನಾನು ಚಟದವರ ಪೈಕಿ. ಮೂಡಲಪಾಳ್ಯದ ನಮ್ಮ ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಇನ್ನೊಮ್ಮೆ ಜಗ್ಗಿದ ಮೇಲೆಯೇ ನನಗೆ ಬಸ್‌ಸ್ಟಾಪಿನ ದಾರಿ ಕಾಣುವುದು. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಗಿರಿಜ ಬೀದಿಯ ಕೊನೆ ತಲುಪಿ, ಸೊಪ್ಪಿನ ಗಾಡಿಯವನ ಹತ್ತಿರ ಚೌಕಾಸಿ ಮುಗಿಸಿರುತ್ತಾಳೆ. ನಮ್ಮ ಮನೆಯಲ್ಲಿ ಕದಿಯುವಂಥದ್ದೇನಿದೆ ಎಂಬುದು ಅವಳ ಪ್ರಶ್ನೆ. ಏನೂ ಇಲ್ಲವೆಂದು ಕಳ್ಳನಿಗೆ ಗೊತ್ತಿರುವುದಿಲ್ಲವಲ್ಲ ಎಂಬುದು ನನ್ನ ಉತ್ತರ. ಇಂಥ ಮನುಷ್ಯನ ಕೈಗೆ ಆಂಡ್ರಾಯ್ಡ್ ಫೋನು ಬಂದರೆ ಏನಾಗುತ್ತದೆಂದು ನೀವೇ ಊಹಿಸಿಕೊಳ್ಳಿ.

ಫೋನು ಕೊಂಡದ್ದು ವಿಜಯನಗರದ ಒಂದು ಅಂಗಡಿಯಲ್ಲಿ. ಮಾರುವವನು ಕ್ಯಾಮೆರಾ, ಬ್ಯಾಟರಿ, ಜಿಬಿ ಎಂದು ಉಸಿರು ಬಿಡದೆ ಹೇಳುತ್ತಿದ್ದ. ನಾನು ಕೇಳಿದ್ದು ಒಂದೇ, ಇದಕ್ಕೆ ಬೀಗ ಹೇಗೆ ಅಂತ. "ಪಿನ್ ಇದೆ, ಪ್ಯಾಟರ್ನ್ ಇದೆ, ಫಿಂಗರ್‌ಪ್ರಿಂಟ್ ಇದೆ ಸಾರ್. ಮುಖ ತೋರಿಸಿದ್ರೂ ಓಪನ್ ಆಗುತ್ತೆ" ಅಂದ. ಮುಖ ಬೇಡ ಅಂದೆ. ನನ್ನದು ಬಹಳ ಸಾಧಾರಣ ಮುಖ. ನಮ್ಮ ಆಫೀಸಿನ ಲೆಕ್ಕಪತ್ರ ವಿಭಾಗದಲ್ಲೇ ಅಂಥವು ಇನ್ನೂ ಒಂದೆರಡು ಇವೆ. ಕೊನೆಗೆ ಬೆರಳಚ್ಚು, ಅದರ ಬೆನ್ನಿಗೆ ಪ್ಯಾಟರ್ನು ಎಂದು ತೀರ್ಮಾನವಾಯಿತು. ಪ್ಯಾಟರ್ನು ಎಂದರೆ ಪರದೆಯ ಮೇಲೆ ಮೂರು ಸಾಲಿನಲ್ಲಿ ಒಂಬತ್ತು ಚುಕ್ಕಿ ಬರುತ್ತವೆ, ನಮ್ಮ ಗುಟ್ಟಿನ ದಾರಿಯಲ್ಲಿ ಅವುಗಳನ್ನು ಬೆರಳಿನಿಂದ ಸೇರಿಸಿದರೆ ಫೋನು ತೆರೆಯುತ್ತದೆ. ಗಿರಿಜ ಪಕ್ಕದಿಂದ ಬಗ್ಗಿ ನೋಡಿ, "ಅಯ್ಯೋ, ರಂಗೋಲಿ" ಅಂದಳು. ನಾನು ಫೋನನ್ನು ಆಚೆ ತಿರುಗಿಸಿಕೊಂಡು ಗುಟ್ಟಾಗಿ ಗೆರೆ ಎಳೆದೆ.

ಮುಂದೆ ನಮ್ಮ ಸಹೋದ್ಯೋಗಿಯೊಬ್ಬರಿಗೆ, ನಿಮ್ಮ ಮನೆಯ ಕರೆಂಟು ಇವತ್ತೇ ಕಟ್ ಆಗುತ್ತದೆ ಎಂದು ಯಾರೋ ಫೋನು ಮಾಡಿ ನುಣ್ಣಗೆ ಬೋಳಿಸಿದ ಮೇಲೆ ನನ್ನ ಚಟ ವಿಪರೀತಕ್ಕೆ ಹೋಯಿತು. ಗೊತ್ತಿಲ್ಲದ ನಂಬರು ಎತ್ತುವುದನ್ನು ಬಿಟ್ಟೆ. ಗ್ಯಾಸಿನವನು ಗೇಟಿನ ಹೊರಗೆ ನಿಂತು ಫೋನು ಮಾಡಿ ಮಾಡಿ ಸಿಲಿಂಡರಿನ ಸಮೇತ ವಾಪಸ್ಸು ಹೋದ. ವಾಟ್ಸಾಪು ಆಗಾಗ, ಬ್ಯಾಕಪ್ ಮಾಡಲೇ ಎಂದು ವಿನಯದಿಂದ ಕೇಳುತ್ತಿತ್ತು. ನಮ್ಮ ಮನೆಯ ಮಾತು ಯಾರದೋ ಕಂಪ್ಯೂಟರಿನಲ್ಲಿ ಯಾಕೆ ಕೂತಿರಬೇಕು ಎಂದು ಪ್ರತಿ ಸಲವೂ ಬೇಡ ಎಂದು ಒತ್ತಿದೆ. ಒತ್ತುವಾಗ ಒಂಥರಾ ಹೆಮ್ಮೆಯೂ ಆಗುತ್ತಿತ್ತು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ನಾವು ದಾವಣಗೆರೆ ಕಡೆಯವರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನಮ್ಮಲ್ಲಿ ತಿಂಡಿಯಲ್ಲ, ಸಂಸ್ಕಾರ. ನಮ್ಮ ಡಾಕ್ಟರಿಗೆ ಇದು ಅರ್ಥವಾಗುವುದಿಲ್ಲ. ರಕ್ತ ಪರೀಕ್ಷೆಯ ಕಾಗದ ನೋಡಿ, ಎಣ್ಣೆಯಲ್ಲಿ ಕರಿದದ್ದನ್ನು ಕಣ್ಣಿನಲ್ಲೂ ನೋಡಬೇಡಿ ಅಂದರು. ಆದ್ದರಿಂದ ಶನಿವಾರ ಸಂಜೆ ವಾಕಿಂಗ್ ಎಂದು ಹೊರಟು, ಚಂದ್ರಾ ಲೇಔಟಿನ ಕಡೆ ಬಜ್ಜಿ ಕರಿಯುವ ಗಾಡಿಯೊಂದರ ಹತ್ತಿರ, ನೋಡದೆಯೇ ತಿನ್ನುತ್ತೇನೆ. ತಿಂದು ಎಲೆಅಡಿಕೆ ಹಾಕಿಕೊಂಡು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡರೆ ಸಾಕ್ಷಿಯೇ ಇರುವುದಿಲ್ಲ. ಒಂದೇ ತೊಂದರೆ, ಎಣ್ಣೆಯ ಬೆರಳನ್ನು ಫೋನು ಗುರುತಿಸುವುದಿಲ್ಲ. ಬಜ್ಜಿಯವನಿಗೆ ಸ್ಕ್ಯಾನ್ ಮಾಡಿ ದುಡ್ಡು ಕೊಡಬೇಕಾದರೆ ಆಗ ಚುಕ್ಕಿಗಳೇ ಗತಿ.

ಅಂಥ ಶನಿವಾರದ ಮರುದಿನ ಬೆಳಿಗ್ಗೆ ತಪ್ಪದೆ ದಾವಣಗೆರೆಯಿಂದ ನಮ್ಮಕ್ಕನ ಮೆಸೇಜು ಬರುತ್ತಿತ್ತು. ಅಕ್ಕನಿಗೆ ಟೈಪು ಮಾಡುವ ತಾಳ್ಮೆ ಇರಲಿಲ್ಲ, ಎಲ್ಲವನ್ನೂ ಮಾತಾಡಿಯೇ ಕಳಿಸುವಳು. "ತಮ್ಮಾ, ಎದ್ದೇನೋ? ನಿನ್ನೆ ಬಜ್ಜಿ ತಿಂದಿ, ಹೌದಿಲ್ಲೋ? ಸುಳ್ಳು ಹೇಳಬ್ಯಾಡ." ಅಷ್ಟು ದೂರದಲ್ಲಿ ಕೂತವಳಿಗೆ ಇದು ಹೇಗೆ ತಿಳಿಯುತ್ತದೆಂದು ನನಗೆ ಆಶ್ಚರ್ಯ. ಅವ್ವ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಬೆಳೆಸಿದವಳು ಅವಳೇ. ಹೆತ್ತ ಕರುಳಿಗಿಂತ ಹೆಚ್ಚು, ಹಾಗಾಗಿ ಒಳಗಿನಿಂದಲೇ ಗೊತ್ತಾಗುತ್ತದೆ ಎಂದು ನಂಬಿದ್ದೆ. ಇಲ್ಲಕ್ಕಾ, ರಾತ್ರಿ ಬರೀ ರೊಟ್ಟಿ ಎಂದು ಉತ್ತರ ಕಳಿಸುತ್ತಿದ್ದೆ. ಹೋದ ಕಾರ್ತಿಕದಲ್ಲಿ ಅಕ್ಕ ಶಿವಾಧೀನಳಾದಳು. ಆಮೇಲಿನ ಭಾನುವಾರಗಳಲ್ಲಿ ನಾನು ಹಳೆಯ ಮೆಸೇಜುಗಳಲ್ಲಿ ಒಂದನ್ನು ಹಾಕಿ ಕೇಳುತ್ತೇನೆ. ಬೈಸಿಕೊಂಡ ಮೇಲೆ ಕಾಫಿ ಕುಡಿಯುತ್ತೇನೆ.

ಹೀಗಿರುವಾಗ ಫೋನು ಚಾರ್ಜ್ ಆಗುವುದನ್ನು ನಿಲ್ಲಿಸಿತು. ವೈರನ್ನು ಒಂದು ಕೋನದಲ್ಲಿ ಓರೆ ಹಿಡಿದು, ಮೇಲೆ ಸಕ್ಕರೆ ಡಬ್ಬ ಹೇರಿಟ್ಟರೆ ಮಾತ್ರ ಕರೆಂಟು ಹತ್ತುತ್ತಿತ್ತು. ಕೆಲವು ದಿನ ನಮ್ಮ ಮನೆಯಲ್ಲಿ ಫೋನು ಪೂರ್ತಿ ಚಾರ್ಜ್ ಆಗುವವರೆಗೆ ಕಾಫಿಗೆ ಸಕ್ಕರೆ ಸಿಗುತ್ತಿರಲಿಲ್ಲ. ಗಿರಿಜ ರೇಗಿ, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಗೆ ನನ್ನನ್ನು ಹೊರಡಿಸಿಕೊಂಡು ಹೋದಳು. ಅಂಗಡಿಯವರು ಫೋನಿನ ಹೊಟ್ಟೆ ಬಿಚ್ಚಿ, ಚಾರ್ಜಿಂಗ್ ಪಿನ್ ಬದಲಾಯಿಸಿ, ಮತ್ತೆ ಆನ್ ಮಾಡಿ ನನ್ನ ಮುಂದಿಟ್ಟರು. ನಾನು ಬೆರಳಿಟ್ಟೆ. ಒಪ್ಪಲಿಲ್ಲ. "ಆಫ್ ಆಗಿ ಆನ್ ಆದ್ಮೇಲೆ ಬೆರಳು ತಗೊಳಲ್ಲ ಸಾರ್, ಪ್ಯಾಟರ್ನ್ ಹಾಕಿ" ಅಂದರು.

ಒಂಬತ್ತು ಚುಕ್ಕಿ ನನ್ನನ್ನು ನೋಡಿದವು. ನಾನು ಅವನ್ನು ನೋಡಿದೆ. ಬಜ್ಜಿ ಗಾಡಿಯ ಹತ್ತಿರ ಬೆರಳು ತಾನಾಗಿಯೇ ಎಳೆಯುತ್ತಿದ್ದ ಗೆರೆಯನ್ನು ಇಲ್ಲಿ ಯೋಚಿಸಿ ಎಳೆಯಹೋದರೆ, ತಲೆಯಲ್ಲಿ ಏನೂ ಇರಲಿಲ್ಲ. ಒಂದು ಗೆರೆ ಎಳೆದೆ, ತಪ್ಪು. ಇನ್ನೊಂದು ಎಳೆದೆ, ಅದೂ ತಪ್ಪು. ನನ್ನ ಹಿಂದೆ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ ಡೆಲಿವರಿಯವನೊಬ್ಬ, "ಎಲ್ ಹಾಕಿ ನೋಡಿ ಅಂಕಲ್, ಎಲ್ಲಾರೂ ಅದೇ ಹಾಕಿರ್ತಾರೆ" ಅಂದ. ನನಗೆ ಸಿಟ್ಟು ಬಂತು. ಆದರೂ ಹಾಕಿ ನೋಡಿದೆ. ಕೊನೆಗೆ ಫೋನಿಗೇ ಬೇಸರವಾಗಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂದಿತು. "ಹಿಂಗೇ ತಪ್ಪು ಮಾಡ್ತಾ ಹೋದ್ರೆ ಕಾಯೋದು ಜಾಸ್ತಿ ಆಗ್ತಾ ಹೋಗುತ್ತೆ ಸಾರ್. ರಿಸೆಟ್ ಹೊಡೆದುಬಿಡ್ಲಾ? ಹೊಸ ಫೋನ್ ಥರ ಆಗುತ್ತೆ" ಅಂದರು ಅಂಗಡಿಯವರು. ಒಳಗಿರೋದು ಏನಾಗುತ್ತೆ ಅಂದೆ. "ಎಲ್ಲಾ ಹೋಗುತ್ತೆ. ಬ್ಯಾಕಪ್ ಇರುತ್ತಲ್ಲ, ಇಳಿಸ್ಕೊಳ್ಳಿ."

ಬ್ಯಾಕಪ್ ಇರಲಿಲ್ಲ. ಯಾರೂ ಕದಿಯದಂತೆ ನಾನು ಅಕ್ಕನನ್ನು ಅಷ್ಟು ಭದ್ರವಾಗಿ ಇಟ್ಟಿದ್ದೆ, ಈಗ ನನಗೇ ಸಿಗದ ಹಾಗೆ. ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಕ್ಕ ತೀರಿಕೊಂಡ ದಿನ ನೆಂಟರನ್ನು ವಿಚಾರಿಸುವುದರಲ್ಲಿ ಅಳುವುದಕ್ಕೆ ಪುರುಸೊತ್ತಾಗಿರಲಿಲ್ಲ. ಆ ಅಳು ಈಗ, ಟೆಂಪರ್ಡ್ ಗ್ಲಾಸುಗಳ ನಡುವೆ, ಬಂತು. ರಿಸೆಟ್ ಬೇಡವೆಂದು ಕೈಯಾಡಿಸಿ ಫೋನನ್ನು ನನ್ನ ಕಡೆಗೆ ಎಳೆದುಕೊಂಡೆ.

ಗಿರಿಜ ಅಷ್ಟು ಹೊತ್ತು ತನ್ನ ಫೋನಿಗೆ ಹೂವಿನ ಚಿತ್ರದ ಕವರು ಹುಡುಕುತ್ತಿದ್ದಳು. ನನ್ನ ಮುಖ ನೋಡಿ ಕವರನ್ನು ಕೆಳಗಿಟ್ಟು ಬಂದಳು.

"ಏನಾಯ್ತು ರೀ?"

"ಪ್ಯಾಟರ್ನ್ ಮರೆತೋಯ್ತು. ಅಕ್ಕನ ದನಿ ಎಲ್ಲಾ ಅದರಲ್ಲೇ ಇದೆ."

"ಅದಕ್ಕೆ ಹಿಂಗೆ ಕೂತ್ಕೋಬೇಕಾ. ಕೊಡಿ ಇಲ್ಲಿ."

ಕಾಯುವ ಅವಧಿ ಮುಗಿದದ್ದೇ ಅವಳು ಬೆರಳಿಟ್ಟು, ಕೆಳಗಿನ ಮೂಲೆಯಿಂದ ಹೊರಟು, ನಡುವೆ ಒಂದು ಸುತ್ತು ಸುತ್ತಿ, ಮೇಲಿನ ಮೂಲೆಯಲ್ಲಿ ನಿಲ್ಲಿಸಿದಳು. ಫೋನು ತೆರೆದುಕೊಂಡಿತು.

"ನಿನಗೆ ಹೇಗೆ ಗೊತ್ತು?"

"ಭಾನುವಾರ ಬೆಳಿಗ್ಗೆ ನಿಮ್ಮ ಅಲಾರಂ ಹೊಡ್ಕೊಳ್ತಾ ಇರುತ್ತೆ, ನೀವು ಏಳಲ್ಲ. ಪೂಜೆ ಅರ್ಧಕ್ಕೆ ಬಿಟ್ಟು ವಿಭೂತಿ ಕೈಯಲ್ಲೇ ಬಂದು ನಾನೇ ಆಫ್ ಮಾಡ್ತೀನಿ. ನಿಮ್ಮ ಬಜ್ಜಿ ಎಣ್ಣೆ ಗಾಜಿನ ಮೇಲೆ ಗೆರೆಗೆರೆಯಾಗಿ ಇರುತ್ತೆ. ವಿಭೂತಿ ಉದುರಿದ್ರೆ ಅದಕ್ಕೇ ಹತ್ಕೊಂಡು ಬೆಳ್ಳಗೆ ಎದ್ದು ಕಾಣುತ್ತೆ. ರಂಗೋಲಿ ಹಾಕೋಳಿಗೆ ಒಂದು ಗೆರೆ ನೆನಪಿಟ್ಕೊಳೋದು ಕಷ್ಟಾನಾ?"

ಅಂಗಡಿಯವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳತೊಡಗಿದರು. ಡೆಲಿವರಿಯವನು ಹೆಲ್ಮೆಟ್ ತೆಗೆದ. ಹಾಗಾದರೆ ನನ್ನ ಫೋನನ್ನು ತೆಗೆದು ಓದಿದ್ದೀಯಾ ಎಂದು ಗಿರಿಜಳನ್ನು ಗಂಭೀರವಾಗಿ ಕೇಳಿದೆ. "ಒಂದು ಸಲ ತೆಗೆದೆ. ಅದ್ರಲ್ಲಿ ಓದೋಕೆ ಏನಿದೆ ರೀ, ಬರೀ ಶುಭೋದಯದ ಚಿತ್ರ. ಎಣ್ಣೆ ಗೆರೆ ಕಂಡ ದಿನ ದಾವಣಗೆರೆ ಅತ್ತಿಗೆಗೆ ಒಂದು ಫೋನ್ ಮಾಡ್ತಿದ್ದೆ, ಅಷ್ಟೇ. ನಾನು ಬೈದ್ರೆ ನೀವು ಕೇಳಲ್ಲ, ಅವರು ಬೈದ್ರೆ ಒಂದು ವಾರ ಸುಮ್ನಿರ್ತಿದ್ರಿ."

ಹೆತ್ತ ಕರುಳಿಗಿಂತ ಹೆಚ್ಚೆಂದು ನಾನು ನಂಬಿದ್ದ ಅಂತರ್ಜ್ಞಾನ ಹೀಗೆ ಅತ್ತಿಗುಪ್ಪೆಯಲ್ಲಿ ಮಣ್ಣುಗೂಡಿತು. ನನ್ನ ಫೋನಿನ ಭದ್ರತೆ ಮೂಡಲಪಾಳ್ಯದಲ್ಲಿ ಬಯಲಾಗಿ ದಾವಣಗೆರೆಗೆ ವರದಿಯಾಗುತ್ತಿತ್ತು. ಬೇಸರವಾಗಬೇಕಿತ್ತು. ಆದರೆ ಗಿರಿಜ, ಅಕ್ಕ ಇಬ್ಬರೂ ನನ್ನ ಒಂದು ಬಜ್ಜಿಗಾಗಿ ಭಾನುವಾರ ಬೆಳಿಗ್ಗೆ ಅಷ್ಟು ಚಿಂತೆ ಮಾಡಿದ್ದರಲ್ಲ ಎಂದು ನೆನೆದು ತುಂಬ ಹಿತವಾಯಿತು. ಅಕ್ಕ ಇಲ್ಲವಲ್ಲ, ಇನ್ನು ಯಾರಿಗೆ ರಿಪೋರ್ಟು ಎಂದು ದಾರಿಯಲ್ಲಿ ಕೇಳಿದೆ. "ಡಾಕ್ಟ್ರಿಗೆ" ಅಂದಳು.

ಅಂದೇ ಬ್ಯಾಕಪ್ ಮಾಡಿಸಿದೆ. ಅಕ್ಕ ಈಗ ಯಾರದೋ ಕಂಪ್ಯೂಟರಿನಲ್ಲೂ ಕೂತು ನನ್ನನ್ನು ಬೈಯುತ್ತಿದ್ದಾಳೆ, ಬೈಯಲಿ. ಪ್ಯಾಟರ್ನನ್ನು ಬದಲಾಯಿಸಿಲ್ಲ, ನಾನು ಮರೆತರೆ ನೆನಪಿಟ್ಟುಕೊಂಡವರು ಒಬ್ಬರಾದರೂ ಮನೆಯಲ್ಲಿರಲಿ. ಶನಿವಾರದ ವಾಕಿಂಗನ್ನೂ ಬಿಟ್ಟಿಲ್ಲ. ಬಲಗೈ ಬೆರಳು ಎಣ್ಣೆಯಾಗದಂತೆ ಬಜ್ಜಿಯನ್ನು ಈಗ ಎಡಗೈಯಲ್ಲಿ ತಿನ್ನುತ್ತೇನೆ. ಎಡಗೈಯಲ್ಲಿ ತಿನ್ನಬಾರದೆಂದು ಚಿಕ್ಕಂದಿನಲ್ಲಿ ಕೈಗೆ ಬಾರಿಸಿ ಕಲಿಸಿದವಳು ಅಕ್ಕನೇ. ಸದ್ಯ, ಅದನ್ನು ಅವಳು ಯಾವ ಮೆಸೇಜಿನಲ್ಲೂ ಹೇಳಿಲ್ಲ.