ಅಜವಾನದ ಎಣ್ಣಿ, ಓಣ್ಯಾಗಿನ ಹೊಟ್ಟಿ

ಸ್ವಲ್ಪ ಇತ್ತಾಗ ಸರಕೊಂಡ ಕುಂದರ್ರಿ. ಜೋರಾಗಿ ಹೇಳೋ ಮಾತಲ್ಲ ಇದು. ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ ಮೊದಲ ಆಣಿ ಮಾಡ್ರಿ. ನಾನೂ ಯಾರಿಗೂ ಹೇಳಿಲ್ಲ. ನಾಕೈದ ಮಂದಿಗೆ ಹೇಳೇನಿ, ಅಷ್ಟ.

ಕಮರಿಪೇಟ್ಯಾಗ ನಮ್ಮ ಓಣಿ ಅಂದ್ರ ವಾರಕ್ಕೊಬ್ಬರದು ಹೊಟ್ಟಿ ಕೆಡೋದ, ಕೆಟ್ಟ ಹೊಟ್ಟಿ ನಮ್ಮನಿ ಕಟ್ಟಿಗೆ ಬರೋದ. ನಮ್ಮತ್ತಿ ಕಾಲದಿಂದ ಅಜವಾನದ ಎಣ್ಣಿ ಕೊಡತೇವಿ. ರೊಕ್ಕ ಮುಟ್ಟಂಗಿಲ್ಲ. ಆದರ ಅತ್ತಿ ಒಂದ ಪದ್ಧತಿ ಹಾಕಿದ್ಲು: ಏನ ತಿಂದ್ರಿ, ಎಲ್ಲಿ ತಿಂದ್ರಿ, ಯಾರ ಜೋಡಿ ತಿಂದ್ರಿ, ಈ ಮೂರಕ್ಕೂ ಖರೇ ಹೇಳಿದವರಿಗಷ್ಟ ಎಣ್ಣಿ. ಸುಳ್ಳ ಹೇಳಿದವರ ಹೊಟ್ಟಿಗೆ ಅದು ಹತ್ತಂಗಿಲ್ಲಂತ. ನಾನು ಎರಡನೇತ್ತಕ್ಕ ಸಾಲಿ ಬಿಟ್ಟಾಕಿ, ಪೇಪರ್ ಓದಬೇಕಂದ್ರ ಒಂದೊಂದ ಅಕ್ಷರ ಕೂಡಿಸಬೇಕು. ನನಗ ಆ ಮೂರ ಪ್ರಶ್ನಿನ ಪೇಪರ್.

ಮಾಸ್ತರ ಸೋಮವಾರ

ನಮ್ಮ ಓಣ್ಯಾಗ ಒಬ್ಬರು ರಿಟೈರ್ಡ್ ಮಾಸ್ತರ ಅದಾರ. ಶ್ರಾವಣ ಸೋಮವಾರ ಬಂತಂದ್ರ ಉಪವಾಸದ ಮಹಿಮಾ ಹೇಳಿ ಹೇಳಿ ನಮ್ಮ ತಲಿ ತಿಂತಾರ. ಅಂಥಾ ಒಂದ ಸೋಮವಾರ ರಾತ್ರಿನ ಹೊಟ್ಟಿ ಹಿಡಕೊಂಡ ಬಂದ್ರು.

"ಏನ ತಿಂದ್ರಿ?"

"ಏನೂ ಇಲ್ರಿ, ನಿರಾಹಾರ."

"ನಿರಾಹಾರಕ್ಕ ಇಷ್ಟ ಜುಲಾಬ ಎಲ್ಲಿಂದ ಬಂದೂವ್ರಿ?"

"ಒಂದ ಬಾಳಿಹಣ್ಣ..."

ನಾ ಎಣ್ಣಿ ಬಾಟ್ಲಿ ಮುಚ್ಚಳ ಹಾಕಿದೆ.

"ಸಂಜಿಕೆ ವಾಕಿಂಗ್ ಹೋದಾಗ ಗಾಡಿ ಮ್ಯಾಲ ಎಗ್ ರೈಸ್ ರೀ. ಆದರ ತತ್ತಿ ಬದಿಗೆ ಸರಿಸಿಟ್ಟ ತಿಂದೇನಿ."

"ಯಾವ ಬದಿಗೆ? ಎಡದ ದವಡಿಗೋ, ಬಲದ ದವಡಿಗೋ?"

ಎಣ್ಣಿ ಕೊಟ್ಟೆ. ಯಾರಿಗೂ ಹೇಳಲಿಲ್ಲ, ಅವರ ಹೆಂಡತಿಗೆ ಮಾತ್ರ ಹೇಳಿದೆ. ಈಗ ಸೋಮವಾರ ಸಂಜಿ ಮಾಸ್ತರ ವಾಕಿಂಗ್ ಹೊಂಟ್ರ ಆಕಿ ಮೊಣಕೈ ಹಿಡಕೊಂಡ ಜೋಡಿ ಹೋಗತಾಳ. ಓಣ್ಯಾಗಿನ ಹುಡುಗ್ಯಾರು ನೋಡಿ, "ಈ ವಯಸ್ಸಿನ್ಯಾಗೂ ಎಷ್ಟ ಪ್ರೀತಿ ನೋಡ್ರಿ" ಅಂತಾರ.

ಮೂರು ಮನಿ ಶಿರಾ

ಉಪ್ಪಿನಬೆಟಗೇರಿಯಿಂದ ಮೂಲಿಮನಿಗೆ ಕನ್ಯಾ ನೋಡಾಕ ಬಂದಿದ್ರು. ಅವರು ಬಂದದ್ದ ನನಗ ತಿಳೀಲಿಲ್ಲ ನೋಡ್ರಿ! ಮೊದಲ ಬಾಗಲಾ ಸಪ್ಪಳದ ಮ್ಯಾಲ ಹೇಳತಿದ್ದೆ: ಕಿರ್ ಅಂದ್ರ ಮೂಲಿಮನಿ, ಕೊಂಯ್ ಅಂದ್ರ ಮಾಸ್ತರ ಮನಿ. ಎರಡ ವರ್ಷಾತು, ಓಣ್ಯಾಗ ಒಂದ ಬಾಗಲಾನೂ ಒದರಂಗಿಲ್ಲ. ಎಲ್ಲಾ ಬೆಕ್ಕಿನಂಗ ಅಡ್ಡಾಡತಾರ.

ಇರ್ಲಿ. ವರನ ಹೊಟ್ಟ್ಯಾಗ ಗುಡುಗುಡು ಹತ್ತಿ ನಮ್ಮ ಕಟ್ಟಿಗೆ ಕರಕೊಂಡ ಬಂದ್ರು. ಹಿಂದ ಅವರವ್ವ. ಬಿಸಿನೀರ ತಂಬಿಗಿ ಹಿಡಕೊಂಡ ಮೂಲಿಮನಿ ಕನ್ಯಾನ ಬಂದಿದ್ಲು.

"ಏನ ತಿಂದ್ಯೋ ತಮ್ಮಾ?"

"ಇಲ್ಲೆ ಶಿರಾ ರೀ."

"ಅದಕ್ಕೂ ಮೊದಲ?"

"ಬೆಂಗೇರ್ಯಾಗ ಶಿರಾ."

ಅವರವ್ವ ಪಕ್ಕಡಿಗೆ ತಿವಿದ್ಲು. ಹೊಟ್ಟಿ ಬ್ಯಾನಿ ಮುಂದ ಅವ್ವನ ತಿವಿತ ಯಾವ ಲೆಕ್ಕ?

"ಮುಂಜಾನೆ ಧಾರವಾಡದಾಗೂ ಶಿರಾ ರೀ. ಅಲ್ಲೂ ಒಂದ ಹುಡುಗಿ ಇತ್ತು."

ತಂಬಿಗಿ ಹಿಡದ ಹುಡುಗಿ ಕೇಳಿದ್ಲು, "ಮೂರರಾಗ ಯಾರ ಮನಿ ಶಿರಾ ಛಲೋ ಇತ್ರಿ?"

ಸುಳ್ಳ ಹೇಳಿದ್ರ ಎಣ್ಣಿ ಹತ್ತಂಗಿಲ್ಲ ಅಂತ ನಾ ಮೊದಲ ಹೇಳಿದ್ನಲ್ಲ, ಪಾಪ, "ಬೆಂಗೇರೀದು" ಅಂದ.

ಮದುವಿ ಬೆಂಗೇರಿ ಹುಡುಗಿ ಜೋಡಿನ ಆತು. ಆ ಮಂದಿ ನನಗ ಒಂದ ಪತ್ರಿಕಾನೂ ಕೊಡಲಿಲ್ಲ.

ಹುಳಾ ಪಂಗತಿಗೆ ಕುಂತದ್ದು

ಈಗ ಆಣಿ ಮಾಡಿಸಿದ ಮಾತಿಗೆ ಬರತೇನಿ.

ಬಾಜೂಮನ್ಯಾಕಿ ಸೊಸಿ ಕಾಲೇಜಿನ ಲ್ಯಾಬಿನ್ಯಾಗ ಕೆಲಸಾ ಮಾಡತಾಳ. ಹೊಟ್ಟಿ ಕೆಡಸೋ ಹುಳಾ ಗಾಜಿನ ತಾಟಿನ್ಯಾಗ ಬೆಳಸಿ, ಯಾವ ಎಣ್ಣಿಗೆ ಸಾಯತಾವ ಅಂತ ನೋಡೋದ ಆಕಿ ಉದ್ಯೋಗ. "ಆಯೀ, ನಿಮ್ಮ ಎಣ್ಣಿನೂ ಸ್ವಲ್ಪ ಕೊಡ್ರಿ, ಹಚ್ಚಿ ನೋಡತೇನಿ" ಅಂದ್ಲು.

ಸಿಕ್ಕಿಬಿದ್ದೆ ನೋಡ್ರಿ. ನಮ್ಮತ್ತಿ ಎಣ್ಣಿ ಅಂದ್ರ ಮೂರ ದಿನದ ಕೆಲಸ. ಅಷ್ಟ ತಾಳ್ಮಿ ನನಗೆಲ್ಲೈತಿ? ಎರಡ ವರ್ಷದಿಂದ ಕುಸುಬಿ ಎಣ್ಣ್ಯಾಗ ಒಂದ ಮುಷ್ಟಿ ಅಜವಾನ ಒಗದು, ವಾಸನಿ ಬಂದಕೂಡಲೇ ಇಳಿಸಿಬಿಡತೇನಿ. ಕೊಡಂಗಿಲ್ಲ ಅಂದ್ರ ಸಂಶೇ ಬರತೈತಿ. ಕೊಟ್ರ, ಎಣ್ಣಿ ಸುಳ್ಳ ಅಂತ ಗೊತ್ತಾದ ದಿನಾ ಕಟ್ಟಿಗೆ ಯಾರೂ ಬರಂಗಿಲ್ಲ. ಯಾರೂ ಬರಲಿಲ್ಲಂದ್ರ ಸುದ್ದಿ ಎಲ್ಲಿಂದ ಬರಬೇಕ್ರಿ? ಈ ವಯಸ್ಸಿನ್ಯಾಗ ನಾ ಏನ ಟೀವಿ ನೋಡಕೋತ ಕುಂದರಲೇನು?

ದೇವರ ಮ್ಯಾಲ ಭಾರ ಹಾಕಿ ಕೊಟ್ಟೆ. ನಾಕ ದಿನಾ ಊಟ ಸೇರಲಿಲ್ಲ.

ಐದನೇ ದಿನಾ ಬಾಜೂಮನಿ ಅತ್ತಿ ಸೊಸಿ ಇಬ್ಬರೂ ಬಂದ್ರು. ಸೊಸಿ ಫೋನಿನ್ಯಾಗ ಫೋಟೋ ತೋರಿಸಿದ್ಲು. ಹಬಿಯೊಳಗ ಇಳಿಸಿದ ಖರೇ ಅಜವಾನದ ಎಣ್ಣಿ ಹಚ್ಚಿದ ಕಡೆ ಸುತ್ತ ಹುಳಾ ಸತ್ತು, ಬಳಿಯಷ್ಟ ದೊಡ್ಡ ಬಯಲಾಗಿತ್ತು. ಲವಂಗದ ಎಣ್ಣಿಗೆ ಉಂಗುರದಷ್ಟ. ನನ್ನ ಎಣ್ಣಿ ಸುತ್ತ ಮಾತ್ರ ಹುಳಾ ಸಾಲ ಹಚ್ಚಿ ಕುಂತಿದ್ದೂವು, ಮಠದಾಗ ಪಂಗತಿಗೆ ಕುಂತಂಗ. ಇನ್ನೇನ ಹುಗ್ಗಿ ನೀಡೋದಷ್ಟ ಬಾಕಿ!

"ಹಂಗಾದ್ರ ಇಷ್ಟ ಮಂದಿ ಹೆಂಗ ಆರಾಮಾದ್ರವಾ?" ಅಂದೆ.

"ಎರಡ ದಿನಾ ಗಂಜಿ, ಮಜ್ಜಿಗಿ ಬಿಟ್ಟ ಏನೂ ಮುಟ್ಟಬ್ಯಾಡ್ರಿ ಅಂತೀರಲ್ಲ ಆಯೀ, ಅದಕ್ಕ ಆರಾಮಾಗ್ಯಾರ. ಖರೇ ಎಣ್ಣಿನೂ ತಾಟಿನ್ಯಾಗ ಹುಳಾ ಕೊಂದ್ರ ಹೊಟ್ಟ್ಯಾಗೂ ಕೊಲ್ಲತೈತಿ ಅಂತ ಹೇಳಾಕ ಬರಂಗಿಲ್ಲ. ಭಾಳ ಖಾರ ಅದು, ಹಂಗ ಕುಡೀಬಾರದು. ಜ್ವರಾ ಬಂದ್ರ ಸೀದಾ ದವಾಖಾನಿಗೆ ಕಳಸ್ರಿ."

ನಾ ಬಾಜೂಮನ್ಯಾಕಿ ಕೈ ಹಿಡಕೊಂಡೆ. "ತಂಗೀ, ನಿನ್ನ ಕಾಲ ಬೀಳತೇನಿ. ಈ ಮಾತು ಓಣಿಗೆ ತಿಳೀಬಾರದು. ತಿಳದ್ರ ನನ್ನ ಕಟ್ಟಿಗೆ ಒಬ್ಬರೂ ಬರಂಗಿಲ್ಲ."

ಆಕಿ ನನ್ನ ಮಾರಿ ನೋಡಿ ನಕ್ಕೋತ ಅಂದ್ಲು:

"ಯಕ್ಕಾ, ನಿನ್ನ ಎಣ್ಣಿ ಬರೇ ಕುಸುಬಿ ಎಣ್ಣಿ ಅಂತ ಓಣಿಗೆಲ್ಲಾ ಎರಡ ವರ್ಷದಿಂದ ಗೊತ್ತೈತಿ. ನಾವು ಹೊಟ್ಟಿ ಹಿಡಕೊಂಡ ಬರೋದು ಉಳಿದವರು ಏನ ತಿಂದ್ರು ಅಂತ ಕೇಳಾಕ. ನೀ ಕೊಟ್ಟ ಎಣ್ಣಿ ಮನಿಗೆ ಒಯ್ದು, ಬಾಗಲಾ ಕಿರ್ ಅನಬಾರದಂತ ಅದರ ಬಿಜಾಗ್ರಿಗೆ ಬಿಡತೇವಿ, ನಾವು ಯಾವಾಗ ಹೋದ್ವಿ, ಯಾವಾಗ ಬಂದ್ವಿ ನಿನಗ ಕೇಳಬಾರದಂತ!"