ಯಾರ ರೇಡಿಯೋದ ಕಿವಿ ಚುರುಕು?

ಮನೆಯ ಮೇಲೊಂದು ಕಂಬ, ಕಂಬಕ್ಕೊಂದು ತಂತಿ, ತಂತಿಯ ಕೆಳತುದಿಗೆ ಒಬ್ಬ ಮಾಸ್ತರ. ಇಷ್ಟಿದ್ದರೆ ಸಾಕು, ಸಂಶಯಕ್ಕೆ ಬೇರೆ ಗೊಬ್ಬರ ಹಾಕಬೇಕಿಲ್ಲ, ತಾನಾಗಿಯೇ ಬೆಳೆಯುತ್ತದೆ. ನನ್ನ ಸುತ್ತ ಅದು ಬೆಳೆದೇ ಇರುತ್ತದೆ.

ನಾನು ಹುಕ್ಕೇರಿಯಲ್ಲಿ ವಿಜ್ಞಾನ ಕಲಿಸುವವನು. ಸರಕಾರದ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೋದವನೂ ಹೌದು. ಹಳೇ ರೇಡಿಯೋ ಸ್ಟೇಷನ್ನಿನಿಂದ ಹಿಡಿದು ದೂರದೇಶದ ಹವ್ಯಾಸಿಗಳು ಕಳಿಸುವ ಟಿಕ್ ಟಿಕ್ ಸಂಕೇತದ ತನಕ, ಗಾಳಿಯಲ್ಲಿ ಏನಿದ್ದರೂ ಹಿಡಿಯುವ ಪೆಟ್ಟಿಗೆಯೊಂದು ನನ್ನ ಹತ್ತಿರ ಇದೆ. ಗೋಕಾಕದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರ ಹತ್ತಿರ ಬೇರೆ ಕಂಪನಿಯದು ಅಂಥದೇ ಒಂದು ಇದೆ. ಅವರನ್ನು ನಾನು ಉಸ್ತಾದ್ ಎನ್ನುತ್ತೇನೆ. ಎರಡರಲ್ಲಿ ಯಾವುದರ ಕಿವಿ ಚುರುಕು, ಅಂದರೆ ತೀರಾ ಕ್ಷೀಣವಾದ ಸಿಗ್ನಲ್ಲನ್ನು ಯಾವುದು ಹಿಡಿಯುತ್ತದೆ ಎಂಬುದೇ ನಮ್ಮಿಬ್ಬರ ತಂಟೆ. ಬೀಗರ ನಡುವೆ ಕೂಡ ಇಷ್ಟು ದಿನ ತಂಟೆ ನಡೆಯುವುದಿಲ್ಲ.

ಉಪ್ಪಿನ ಮಾತು

ಮೊದಲು ಸಂಶಯ ಬಂದದ್ದು ನನ್ನ ಮನೆ ಮಾಲಕಿಗೆ. ಕೆಳಗೆ ಅವರು, ಮೇಲೆ ನಾನು. ಎಲ್ಲರೂ ಕಾಕು ಎನ್ನುವುದರಿಂದ ನನಗೂ ಕಾಕು. ಒಂದು ದಿನ ಅವರು ಅಡಿಗೆ ಮನೆಯಲ್ಲಿ ನಿಂತು, ಸೊಸೆ ಬದನೆಕಾಯಿ ಪಲ್ಯಕ್ಕೆ ಉಪ್ಪು ಸುರಿದಿದ್ದಾಳೆ ಎಂದು ತಂಗಿಗೆ ಫೋನಿನಲ್ಲಿ ಹೇಳಿಕೊಂಡರಂತೆ. ಮರುದಿನ ಮೆಟ್ಟಿಲ ಹತ್ತಿರ ಸಿಕ್ಕಾಗ ನಾನು, ವಯಸ್ಸಾದಂತೆ ಉಪ್ಪು ಕಡಿಮೆ ತಿನ್ನಬೇಕು ನೋಡಿ ಎಂದೆ. ನನ್ನ ಬಿ.ಪಿ. ವಿಷಯ ಮಾತಾಡುತ್ತಿದ್ದೆ, ದೇವರಾಣೆ. ಕಾಕು ಕಂಬದ ಕಡೆ ನೋಡಿದರು, ನನ್ನ ಕಡೆ ನೋಡಿದರು, ಒಳಗೆ ಹೋದರು.

ಅವತ್ತೇ ಸಂಜೆ ತೀರ್ಪು ಬಂತು. ಮನೆ ಮಾತು ಕೇಳುವ ಕಂಬ ಮನೆ ಮೇಲೆ ಬೇಡ, ಯುಗಾದಿಯೊಳಗೆ ಇಳಿಸಬೇಕು. ಇದು ಫೋನಿನ ಮಾತು ಹಿಡಿಯುವ ಪೆಟ್ಟಿಗೆಯಲ್ಲ ಎಂದು ಬಿಡಿಸಿ ಹೇಳಿದೆ. ಲೈಸೆನ್ಸ್ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು:

“ಈಗ ಆಧಾರ್ ಕಾರ್ಡೂ ಖೊಟ್ಟಿ ಮಾಡ್ತಾರಂತ, ಮಾಸ್ತರ.”

ಕಂಬ ಇಳಿದರೆ ಪೆಟ್ಟಿಗೆ ಕಿವುಡು. ಇನ್ನೊಂದು ಮನೆ ಹುಡುಕೋಣವೆಂದರೆ, ಮಾಳಿಗೆ ಮೇಲೆ ಕಂಬ ನೆಡಲು ಬಿಡುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ನಾನು ಕೇಳಿ ನೋಡಿದ್ದೇನೆ.

ಸದ್ದಿಲ್ಲದ ಹಳ್ಳಿ

ಎರಡು ಪೆಟ್ಟಿಗೆ ಹೋಲಿಸಬೇಕಾದರೆ ಮೊದಲು ಗದ್ದಲವಿಲ್ಲದ ಜಾಗ ಬೇಕು. ಕರೆಂಟಿನ ತಂತಿ, ಪಂಪಿನ ಸ್ಟಾರ್ಟರ್, ಅಗ್ಗದ ಬಲ್ಬು, ಎಲ್ಲವೂ ರೇಡಿಯೋದ ಕಿವಿಯಲ್ಲಿ ಜೊಂಯ್ ಎನ್ನುತ್ತವೆ. ಹಾಗಾಗಿ ಪೆಟ್ಟಿಗೆ ಕಟ್ಟಿಕೊಂಡು ಮೂಡಲಗಿ ಕಡೆಯ ಒಂದು ಹಳ್ಳಿಗೆ ಹೋದೆ. ಹೆಸರು ಹೇಳುವುದಿಲ್ಲ, ಮತ್ತೆ ಅಲ್ಲಿ ನನಗೆ ಕಬ್ಬಿನ ಹಾಲು ಸಿಗಲಿಕ್ಕಿಲ್ಲ.

ಸಾಲೆಯಿಂದ ನೇರ ಹೋಗಿದ್ದೆ, ಪ್ಯಾಂಟು, ಇನ್‌ಶರ್ಟು. ಕಿವಿಗೆ ಹೆಡ್‌ಫೋನ್ ಹಾಕಿ ಕರೆಂಟಿನ ಕಂಬದ ಕೆಳಗೆ ನಿಂತು ಮೇಲೆ ತಂತಿ ನೋಡಿದೆ. ಜೊಂಯ್. ಯಾರೋ ಒಬ್ಬ ಕಬ್ಬಿನೊಳಗೆ ಓಡಿದ. ಸ್ವಲ್ಪ ಹೊತ್ತಿಗೆ ಗದ್ದಲ ನಿಂತಿತು. ಮುಂದಿನ ಕಂಬಕ್ಕೆ ಹೋದೆ, ಅಲ್ಲೂ ನಿಂತಿತು. ನಾನು ಹೋದ ಹೋದಲ್ಲಿ ಶಾಂತಿ. ಇಂಥ ಊರು ಜಿಲ್ಲೆಯಲ್ಲೇ ಇಲ್ಲ ಎಂದು ಉಸ್ತಾದರಿಗೆ ಫೋನ್ ಮಾಡಿ ಹೊಗಳಿದೆ. ನನ್ನ ಪೆಟ್ಟಿಗೆ ಎಷ್ಟು ಸಣ್ಣ ಸಿಗ್ನಲ್ ಹಿಡಿಯಿತು ಎಂದೂ ಕೊಚ್ಚಿಕೊಂಡೆ.

ಮರುದಿನ ಉಸ್ತಾದರು ಒಬ್ಬರೇ ಹೋದರು. ಅದೇ ಕಂಬದ ಕೆಳಗೆ ಹಿಟ್ಟಿನ ಗಿರಣಿಯಂಥ ಗದ್ದಲ. ಅಲ್ಲಿಂದಲೇ ನನಗೆ ಫೋನ್ ಮಾಡಿ, ಕಿವಿ ಡಾಕ್ಟರಿಗೆ ತೋರಿಸಿಕೊಳ್ಳಿ ಎಂದರು. ಕಟ್ಟುಕತೆ ಹೇಳಿ ತನ್ನ ಪೆಟ್ಟಿಗೆ ದೊಡ್ಡದು ಮಾಡುತ್ತಾನೆ ಎಂದು ಗೋಕಾಕದ ಪೇಟೆಯಲ್ಲೂ ಹೇಳಿದರು. ನನಗೆ ಸಿಟ್ಟು ಬಂತು. ಸಂಜೆ ನಾನೇ ಹೋಗಿ, ಬದುವಿನ ಮೇಲೆ ಕೂತಿದ್ದ ಅಜ್ಜನೊಬ್ಬನನ್ನು ಕೇಳಿದೆ. ಅಜ್ಜ ಎಲೆ ಅಡಿಕೆ ಜಗಿಯುತ್ತ ನನ್ನನ್ನು ಬಹಳ ಹೊತ್ತು ತೂಗಿ ನೋಡಿ, ನೀವು ಕರೆಂಟಿನವರಲ್ಲ ತಾನೆ ಎಂದು ಖಾತ್ರಿ ಮಾಡಿಕೊಂಡ. ಮೊದಲ ದಿನ ನನ್ನನ್ನು ಕಂಡವರೆಲ್ಲ ಪಂಪು ನಡೆಸಲು ಲೈನಿಗೆ ಹಾಕಿದ ಕಳ್ಳ ಕೊಕ್ಕೆ ಕಿತ್ತುಕೊಂಡು ಕಬ್ಬಿನೊಳಗೆ ಅಡಗಿದ್ದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇಲ್ಲಿ ನಾನು ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದರು.

ಹಾಗಾದರೆ ಉಸ್ತಾದರನ್ನು ಕಂಡು ಯಾಕೆ ತೆಗೆಯಲಿಲ್ಲ?

“ಅಂವ ಲುಂಗಿ ಮ್ಯಾಲೆ ಬಂದಿದ್ದ,” ಅಂದ ಅಜ್ಜ. “ಲುಂಗಿ ಉಟಗೊಂಡ ಬಂದಾವ್ಗ ಯಾರ ಅಂಜತಾರ್ರಿ?”

ಹೆದ್ದಾರಿಯ ಚಹಾ

ಆಮೇಲೆ ಯಮಕನಮರಡಿ ಹತ್ತಿರ, ಹೆದ್ದಾರಿ ಬಾಜೂಕಿನ ದಿಬ್ಬದ ಮೇಲೆ ಗದ್ದಲವಿಲ್ಲದ ಜಾಗ ಹುಡುಕಿ ನೋಡಿದೆ. ಈ ಸಲ ಕೈಯಲ್ಲಿ ದಿಕ್ಕು ಹಿಡಿಯುವ ಆಂಟೆನಾ ಇತ್ತು, ಮೀನಿನ ಮುಳ್ಳಿನ ಹಾಗೆ ಕಾಣುವಂಥದು. ಅದನ್ನು ರಸ್ತೆಯ ಕಡೆ ತಿರುಗಿಸಿದ್ದೇ ತಡ, ಲಾರಿಗಳೆಲ್ಲ ಹೊಸ ಮದುಮಗಳ ಹೆಜ್ಜೆ ಹಾಕತೊಡಗಿದವು. ವೇಗ ಅಳೆಯುವ ಯಂತ್ರ ಎಂದು ತಿಳಿದಿದ್ದರು. ಒಬ್ಬ ಡ್ರೈವರ್ ಸೀಟ್ ಬೆಲ್ಟ್ ಹಾಕಿಕೊಂಡು ನನಗೆ ಕೈಮುಗಿದೂ ಹೋದ.

ದಿಬ್ಬದ ಕೆಳಗೆ ಚಹಾದಂಗಡಿಯವನೊಬ್ಬ ನನ್ನನ್ನೇ ನೋಡುತ್ತಿದ್ದ. ಅವನು ದಿಬ್ಬ ಹತ್ತತೊಡಗಿದಾಗ, ಓಡಿಸಲು ಬಂದನೆಂದು ಸಾಮಾನು ಕಟ್ಟತೊಡಗಿದೆ. ಅವನು ಚಹಾ ಹಿಡಿದುಕೊಂಡು ಬಂದಿದ್ದ, ಜೊತೆಗೆ ಮಿರ್ಚಿ ಭಜಿ. ನಾನು ಬಂದ ಮೇಲೆ ಗಾಡಿಗಳು ನಿಧಾನವಾಗಿ, ಅಂಗಡಿ ಕಣ್ಣಿಗೆ ಬಿದ್ದು, ನಿಲ್ಲತೊಡಗಿದ್ದವು.

“ಸಾಹೇಬ್ರ, ದಿನಾ ಬರ್ರಿ,” ಅಂದ. “ಯಾರ್ನರೆ ಹಿಡೀರಿ ಬಿಡ್ರಿ, ಸುಮ್ನ ಹಿಂಗ ಹಿಡಕೊಂಡ ನಿಂದರ್ರಿ.”

ಒಂದು, ಎರಡು

ಯುಗಾದಿ ಹತ್ತಿರ ಬಂತು, ಗದ್ದಲವಿಲ್ಲದ ಜಾಗ ಮಾತ್ರ ಸಿಗಲಿಲ್ಲ. ಕಂಬ ಇಳಿಯುವ ಮೊದಲು ಪಂದ್ಯ ಮುಗಿಸೋಣ ಎಂದು ಉಸ್ತಾದರನ್ನು ಮನೆಗೇ ಕರೆದೆ. ಅವರು ತಮ್ಮ ಪೆಟ್ಟಿಗೆ, ತಮ್ಮ ಕೇಬಲ್, ತಮ್ಮ ಬ್ಯಾಟರಿ, ಕೊನೆಗೆ ಕುಡಿಯುವ ನೀರು ಕೂಡ ತಂದಿದ್ದರು. ನಾನೇನು ಕಡಿಮೆ? ಅವರ ಕೇಬಲ್ಲನ್ನು ಬಿಚ್ಚಿ ಪರೀಕ್ಷಿಸಿಯೇ ಜೋಡಿಸಿದೆ.

ಪರೀಕ್ಷೆ ಸರಳ. ಹೊರಗಿನ ಗದ್ದಲ ಸೇರದಂತೆ ಚಿಕ್ಕ ಯಂತ್ರವೊಂದು ಕೇಬಲ್ಲಿನಲ್ಲೇ ಬಿಟ್ಟು ಬಿಟ್ಟು ಪೀಂ ಎನ್ನುವ ಸಿಗ್ನಲ್ ಕೊಡುತ್ತದೆ, ಅದನ್ನು ಕೇಳಿಯೂ ಕೇಳದಷ್ಟು ಕ್ಷೀಣ ಮಾಡಿ ಇಟ್ಟೆವು. ಎರಡೂ ಪೆಟ್ಟಿಗೆಗೆ ಅದೇ ಸಿಗ್ನಲ್, ಅದೇ ಸ್ಪೀಕರ್. ನಡುವೆ ಒಂದು ಸ್ವಿಚ್ಚು, ಅತ್ತ ಹಾಕಿದರೆ ಅವರದು, ಇತ್ತ ಹಾಕಿದರೆ ನನ್ನದು. ನಾವಿಬ್ಬರೂ ಗೋಡೆಗೆ ಮುಖ ಮಾಡಿ, ಯಾವುದು ಸ್ಪಷ್ಟ ಎಂದು ಹೇಳಬೇಕು. ಸ್ವಿಚ್ಚು ಯಾರ ಕೈಗೆ? ನನ್ನ ಕಡೆಯವರು ಅವರಿಗೆ ಬೇಡ, ಅವರ ಕಡೆಯವರು ನನಗೆ ಬೇಡ. ಇಬ್ಬರನ್ನೂ ನಂಬದವರು ಆ ಮನೆಯಲ್ಲಿ ಒಬ್ಬರೇ ಇದ್ದರು.

ಕಾಕು ಸೆರಗು ಸಿಕ್ಕಿಸಿಕೊಂಡು ಬಂದು ಸ್ವಿಚ್ಚಿನ ಮುಂದೆ ಕೂತರು. ಈ ಪೆಟ್ಟಿಗೆಗಳು ಏನೇನು ಕೇಳುತ್ತವೆ ಎಂದು ಇವತ್ತು ನೋಡಿಯೇ ಬಿಡುತ್ತೇನೆ, ಆಮೇಲೆ ಕಂಬದ ಮಾತು ಅಂದರು.

“ಇದು ಒಂದ,” ಅಂದರು ಕಾಕು. ಪೀಂ. “ಇದು ಎರಡ.” ಪೀಂ.

ಒಂದನೆಯದು ಗಂಟೆ ಹೊಡೆದಂತಿದೆ, ಎರಡನೆಯದಕ್ಕೆ ನೆಗಡಿಯಾಗಿದೆ ಎಂದೆ. ಉಸ್ತಾದರು ಉಲ್ಟಾ ಹೇಳಿದರು. ಒಂದರಲ್ಲಿ ಬರೀ ಸುಂಯ್, ಎರಡರಲ್ಲಿ ಸಿಗ್ನಲ್ ಬಂಗಾರದ ತಂತಿಯಂತಿದೆಯಂತೆ. ಮತ್ತೊಮ್ಮೆ ಹಾಕಲು ಹೇಳಿದೆವು. ಮತ್ತೆ ಒಂದು, ಮತ್ತೆ ಎರಡು. ಕಿವಿಯ ಸಂಸ್ಕಾರ, ಕಂಪನಿಯ ಮರ್ಯಾದೆ, ಉಸ್ತಾದರ ಗುರುಗಳು, ನನ್ನ ಡಿಗ್ರಿ, ಎಲ್ಲ ನಡುವೆ ಬಂದವು. ಕೊನೆಗೆ ಇಬ್ಬರೂ ತಿರುಗಿ, ಒಂದನೆಯದು ಯಾರದು ಹೇಳಿರಿ ಎಂದು ಕಾಕುವನ್ನೇ ಕೇಳಿದೆವು.

ಕಾಕು ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು.

“ನಾ ಸ್ವಿಚ್ಚಿಗಿ ಕೈನೇ ಹಚ್ಚಿಲ್ಲ,” ಅಂದರು. “ಇಬ್ಬರೊಳಗ ಯಾರ ಸುಳ್ಳ ಹೇಳ್ತಾರ ನೋಡೂನು ಅಂತ ಬರೇ ಬಾಯಲೇ ಒಂದ ಎರಡ ಅನ್ನಾಕತ್ತಿದ್ದೆ.”

ಉಸ್ತಾದರು ತಂದ ನೀರನ್ನು ಇಬ್ಬರೂ ಕುಡಿದೆವು. ಕಾಕು ಮೊಣಕಾಲಿಗೆ ಕೈ ಊರಿ ಎದ್ದು ಬಾಗಿಲ ತನಕ ಹೋದರು. ಇನ್ನು ಕಂಬದ ಮಾತು ಬರುತ್ತದೆ ಎಂದುಕೊಂಡೆ. ಅವರು ತಿರುಗಿ ನನ್ನನ್ನು ನೋಡಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರ ಕಣ್ಣಿನಲ್ಲಿ ಸಂಶಯ ಇರಲಿಲ್ಲ, ಬರೀ ಕನಿಕರ ಇತ್ತು.

“ಕಂಬ ಇರ್ಲಿ ಬಿಡ ಮಾಸ್ತರ. ಬಾಜೂಕ ಕುಂತ ಒದರೂ ಪೆಟ್ಟಿಗಿ ಒಂದೋ ಎರಡೋ ತಿಳೀದ ಕಿವಿಗಿ ನನ್ನ ಮನಿ ಮಾತ ಏನ ಕೇಳಸ್ತೈತಿ?”